ಪುಸ್ತಕದಂಗಡಿಯ ವೆಬ್‌ಸೈಟ್ ಬರೀ ‘ಬಟನ್, ಬಟನ್’ ಅನ್ನುತ್ತದಂತೆ, ಏನು ಮಾಡಲಿ?

ಗಾಂಧಿಬಜಾರ್ ಹುಡುಗ:
ಗಾಂಧಿಬಜಾರಿನಲ್ಲಿ ನಮ್ಮ ಚಿಕ್ಕಪ್ಪನದು ಸಣ್ಣ ಪುಸ್ತಕದಂಗಡಿ. ಹೋದ ವರ್ಷ ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟೆ. ರೆಡಿಮೇಡ್ ಟೆಂಪ್ಲೇಟು, ಮುಖಪುಟಗಳ ಫೋಟೊ, ಪುಸ್ತಕಗಳ ಪಟ್ಟಿಗೆ ಒಂದು ಪಿಡಿಎಫ್. ಚೆನ್ನಾಗಿಯೇ ಇದೆ ಅಂದುಕೊಂಡಿದ್ದೆ.

ಮೊನ್ನೆ ಯಶವಂತಪುರದಿಂದ ಒಬ್ಬರು ಫೋನ್ ಮಾಡಿದರು. ನಂಬರನ್ನು ಬೇರೆ ಯಾರನ್ನೋ ಕೇಳಿ ತಿಳಿದುಕೊಂಡರಂತೆ. ಅವರಿಗೆ ಕಣ್ಣು ಕಾಣುವುದಿಲ್ಲ, ಫೋನು ಓದಿ ಹೇಳಿದ್ದನ್ನು ಕೇಳಿಕೊಂಡೇ ಎಲ್ಲ ಕೆಲಸ. “ನಿಮ್ಮ ಸೈಟು ತೆರೆದರೆ ಬಟನ್, ಬಟನ್, ಬಟನ್ ಅನ್ನುತ್ತೆ. ನೀವು ಮಾರೋದು ಪುಸ್ತಕಾನೋ, ಅಂಗಿ ಗುಂಡಿನೋ?” ಅಂದರು. ನಗು ಬಂತು, ಆಮೇಲೆ ನಾಚಿಕೆ ಆಯಿತು. ದುಡ್ಡು ಜಾಸ್ತಿ ಇಲ್ಲ, ಬಿಡುವು ಭಾನುವಾರ ಮಾತ್ರ. ಎಲ್ಲಿಂದ ಶುರು ಮಾಡಲಿ? ಸೈಟಿನ ಲಿಂಕ್ ನನ್ನ ಪ್ರೊಫೈಲಿನಲ್ಲಿದೆ.

ಕಿವಿಯಲ್ಲಿ ಓದುವವ:
ನಾನೂ ಟಾಕ್‌ಬ್ಯಾಕ್ ನಂಬಿಕೊಂಡವನೇ, ಅದೇ ಆಂಡ್ರಾಯ್ಡ್ ಫೋನು ಪರದೆ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ. ಮೆಜೆಸ್ಟಿಕ್‌ನಿಂದ ಬಸ್ಸಿನಲ್ಲಿ ಬರುತ್ತಾ ನಿಮ್ಮ ಸೈಟು ನೋಡಿದೆ. ಗುಂಡಿ ಅಂಗಡಿ ಅಂದದ್ದು ಸರಿಯಾಗಿಯೇ ಇದೆ. ಬುಟ್ಟಿ, ಹುಡುಕುವ ಜಾಗ, ಮೆನು, ಯಾವುದಕ್ಕೂ ಹೆಸರಿಲ್ಲ. ಬರೀ ಚಿತ್ರ ಇಟ್ಟರೆ ಫೋನು ‘ಬಟನ್’ ಅಂತಲ್ಲದೆ ಇನ್ನೇನು ಹೇಳಬೇಕು? ಒಂದೊಂದಕ್ಕೂ ಲೇಬಲ್ ಹಾಕಿ. ಮುಖಪುಟಗಳಿಗೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಅನ್ನುವ ವಿವರಣೆ, ಬರೆಯಿರಿ.

ದೊಡ್ಡ ಎಡವಟ್ಟು ಇರುವುದು ಪಿಡಿಎಫ್‌ನಲ್ಲಿ. ಅದನ್ನು ಟೈಪ್ ಮಾಡಿರುವುದು ಹಳೇ ನುಡಿ ಫಾಂಟಿನಲ್ಲಿ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಇರುವ ಯೂನಿಕೋಡಿನಲ್ಲಲ್ಲ. ಕಣ್ಣಿಗೆ ‘ಕನ್ನಡ’ ಅಂತ ಕಾಣುವ ಪದದ ಒಳಗೆ ಇರುವುದು ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ, ನಡುನಡುವೆ ತಲೆ ಮೇಲೆ ಗೀಟು ಹೊತ್ತ ಎ. ಫಾಂಟು ಅವಕ್ಕೆಲ್ಲ ಕನ್ನಡದ ವೇಷ ಹಾಕಿದೆ ಅಷ್ಟೆ. ನನ್ನ ಫೋನಿಗೆ ವೇಷ ಕಾಣುವುದಿಲ್ಲ, ಒಳಗಿರುವುದನ್ನೇ ಓದುತ್ತದೆ. ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು ಒಂದ್ಸಲ ನೋಡಿ, ಅಲ್ಲೇ ಜಾಸ್ತಿ ಕೆಡುವುದು. ಪಟ್ಟಿಯನ್ನು ಪುಟದಲ್ಲೇ ಹಾಕಿಬಿಡಿ, ಪಿಡಿಎಫ್ ಯಾಕೆ ಸುಮ್ನೆ?

ಆಮೇಲೆ ನೀವೇ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ. ಬಲಕ್ಕೆ ಬೆರಳು ಸರಿಸುತ್ತಾ ಹೋಗಿ, ಬೇಕಾದ್ದು ಸಿಕ್ಕರೆ ಎರಡು ಸಲ ತಟ್ಟಿ. ಒಂದು ಪುಸ್ತಕ ಕೊಳ್ಳೋಕಾಗುತ್ತಾ ನೋಡಿ.

ರಿಟೈರ್ಡ್ ಮೇಷ್ಟ್ರು:
ನಮ್ಮಂಥ ಅರೆಬರೆ ಕಾಣುವವರನ್ನೂ ಸ್ವಲ್ಪ ನೋಡಪ್ಪ. ನನಗೆ ಗ್ಲಾಕೋಮಾ. ಬೆಲೆಯನ್ನು ಬಿಳಿ ಮೇಲೆ ತೆಳು ಬೂದಿ ಬಣ್ಣದಲ್ಲಿ ಹಾಕಿದ್ದೀಯ. ಎರಡು ಬೆರಳಿನಿಂದ ಹಿಗ್ಗಿಸೋಣ ಅಂದರೆ ಪುಟ ಜಗ್ಗುವುದೇ ಇಲ್ಲ. ಸಾಲುಗಳೂ ಒತ್ತೊತ್ತಾಗಿವೆ. ಮೇಲಿನ ಸಾಲಿನ ಒತ್ತಕ್ಷರ ಬಂದು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂತಿದೆ. ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ ಅಲ್ವಾ ಅದು!

ಕೋರಮಂಗಲ ಕೋಡರ್:
ಮೇಷ್ಟ್ರ ದೂರಿಗೆ ಲೆಕ್ಕವೂ ಇದೆ. ಸೈಟು ಎಲ್ಲರೂ ಬಳಸುವಂತಿರಬೇಕು ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿ. ಅದರ ನಡುವಿನ ಮಟ್ಟವಾದ ಎಎಗೆ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಹೊಳಪಿನ ವ್ಯತ್ಯಾಸ, ಕನಿಷ್ಠ 4.5ಕ್ಕೆ 1 ಇರಬೇಕು. ಪುಟ ಪರದೆಗೆ ಹೇಗೆ ಹೊಂದಬೇಕು ಅಂತ ಹೇಳುವ ಕೋಡಿನ ವ್ಯೂಪೋರ್ಟ್ ಸಾಲಿನಲ್ಲಿ ‘ಯೂಸರ್-ಸ್ಕೇಲೆಬಲ್ ನೋ’ ಅಂತಿದೆ, ಕಿತ್ತು ಹಾಕಿದರೆ ಝೂಮ್ ಆಗುತ್ತದೆ. ಪುಟದ ಭಾಷೆ ಯಾವುದು ಅಂತ ಹೇಳುವ ಲ್ಯಾಂಗ್ ಕೂಡ ಟೆಂಪ್ಲೇಟಿನ ‘ಇಎನ್’, ಅಂದರೆ ಇಂಗ್ಲಿಷ್ ಆಗಿಯೇ ಉಳಿದಿದೆ. ‘ಕೆಎನ್’ ಮಾಡಿ, ಇಲ್ಲದಿದ್ದರೆ ಇಂಗ್ಲಿಷ್ ದನಿ ಕನ್ನಡ ಓದಲು ಹೊರಟು ತಡವರಿಸುತ್ತದೆ. ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡೋಕೆ ಪರದೆ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಇದೆ, ಅದೂ ಪುಕ್ಕಟೆ. ಒಂದು ಸಾಲು ಕೋಡಿನಲ್ಲಿ ಎಲ್ಲ ಸರಿ ಮಾಡುತ್ತೇವೆ ಅಂತ ವಿಜೆಟ್ ಮಾರುವವರು ಬಂದರೆ ಕಾಫಿ ಕೊಟ್ಟು ಕಳಿಸಿ.

ಗಾಂಧಿಬಜಾರ್ ಹುಡುಗ:
ಭಾನುವಾರ ಪೂರ್ತಿ ಕೂತೆ. ಮೊದಲು ಕಣ್ಣು ಮುಚ್ಚಿ ನೋಡಿದೆ. ಹತ್ತು ನಿಮಿಷದಲ್ಲಿ ಒಂದೇ ಪುಸ್ತಕ ಮೂರು ಸಲ ಬುಟ್ಟಿಗೆ ಬಿತ್ತು. ಲೇಬಲ್, ಬಣ್ಣ, ಝೂಮ್, ಸಾಲಿನ ಅಂತರ ಎಲ್ಲ ಆಯಿತು ಮೇಷ್ಟ್ರೇ. ಪಟ್ಟಿಯೂ ಯೂನಿಕೋಡಿಗೆ ಬಂತು. ‘ಕರ್ನಾಟಕ’ ಎಲ್ಲಾ ಕಡೆ ‘ಕನಾರ್ಟಕ’ ಆಗಿತ್ತು, ಕೂತು ತಿದ್ದಿದೆ.

ಆಲ್ಟ್ ಟೆಕ್ಸ್ಟ್ ಚಿಕ್ಕಪ್ಪ ಹೇಳಿದರು, ನಾನು ಟೈಪ್ ಮಾಡಿದೆ. ಒಂದಕ್ಕೆ “ಕೆಂಪು ರಟ್ಟು, ಮಧ್ಯೆ ಎತ್ತಿನ ಗಾಡಿ, ಚಿತ್ರ ಏನೂ ಚೆನ್ನಾಗಿಲ್ಲ” ಅಂತ ಬರೆಸಿದ್ದಾರೆ. ಕೊನೆಯದನ್ನು ತೆಗೆಯಲಾ?

ಕಿವಿಯಲ್ಲಿ ಓದುವವ:
ಬೇಡ, ಇರಲಿ ಬಿಡಿ. ಪುಸ್ತಕದ ಹೆಸರು ಮಾತ್ರ ಮೊದಲು ಬರಲಿ. ಅಂದ ಹಾಗೆ, ಅಂಗಡಿಯ ಫೋನ್ ನಂಬರು ಇನ್ನೂ ಬೋರ್ಡಿನ ಫೋಟೊದಲ್ಲೇ ಇದೆ.