ಐದು ಜನರ ಸಂಸಾರ, ತಿಂಗಳಿಗೆ 6,000 ರೂಪಾಯಿ: ಅಡುಗೆಮನೆಯ ಖರ್ಚನ್ನು ಎಲ್ಲಿ ಹಿಡಿಯಬೇಕು?

ಪ್ರಶ್ನೆ (ತುಮಕೂರಿನಿಂದ):
ನಮ್ಮ ಮನೆಯಲ್ಲಿ ನಾವಿಬ್ಬರು, ಅತ್ತೆಯವರು ಹಾಗೂ ಸರ್ಕಾರಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು ಇದ್ದೇವೆ. ಬಾಡಿಗೆ ಮತ್ತು ಸಾಲದ ಕಂತು ಕಳೆದು ದಿನಸಿ, ತರಕಾರಿ, ಹಾಲು ಎಲ್ಲಕ್ಕೂ ಸೇರಿ 6,000 ರೂಪಾಯಿ ಉಳಿಯುತ್ತದೆ. ಪಡಿತರ ಚೀಟಿಯ ಅಕ್ಕಿ ಬರುವುದರಿಂದ ಅನ್ನಕ್ಕೆ ತೊಂದರೆಯಿಲ್ಲ. ಆದರೆ ತೊಗರಿಬೇಳೆ, 5 ಲೀಟರು ಎಣ್ಣೆ, ದಿನಕ್ಕೊಂದು ಲೀಟರು ಹಾಲು, ಇವುಗಳಿಗೇ ಸುಮಾರು ಅರ್ಧ ಹಣ ಹೋಗಿ, ತಿಂಗಳ ಕೊನೆಯ ವಾರದಲ್ಲಿ ಅಂಗಡಿಯವರ ಹತ್ತಿರ ಲೆಕ್ಕ ಬರೆಸಬೇಕಾಗುತ್ತದೆ. ಸಾರಿಗೆ ನೀರು ಹೆಚ್ಚಿಸುವುದನ್ನು ಬಿಟ್ಟು ಬೇರೆ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಮಂಡ್ಯದಿಂದ):
ತಂಗಿ, ದಿನವೂ ತೊಗರಿಬೇಳೆಯೇ ಆಗಬೇಕೆಂಬ ನಿಯಮವೇನೂ ಇಲ್ಲ. ವಾರದಲ್ಲಿ ಮೂರು ದಿನ ಹುರುಳಿಕಾಳಿನ ಬಸ್ಸಾರು ಮಾಡಿ ನೋಡಿ. ಹುರುಳಿ ಸಾಮಾನ್ಯವಾಗಿ ತೊಗರಿಬೇಳೆಗಿಂತ ಬಹಳ ಅಗ್ಗ. ರಾತ್ರಿ ನೆನೆಸಿದ ಕಾಳನ್ನು ಬೇಯಿಸಿ, ಕೊನೆಗೆ ಹೆಚ್ಚಿದ ದಂಟಿನ ಸೊಪ್ಪು ಸೇರಿಸಿ, ಬೆಂದ ಮೇಲೆ ಕಟ್ಟನ್ನು ಬಸಿದುಕೊಳ್ಳಬೇಕು. ಕಾಳು ಮತ್ತು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಅದರಿಂದಲೇ ಒಂದು ಸೌಟು ಕಾಳನ್ನು ಮೊದಲು ತೆಗೆದಿಟ್ಟು, ಬಾಡಿಸಿದ ಈರುಳ್ಳಿ, ಬೆಳ್ಳುಳ್ಳಿ, ಹುಣಸೆಹಣ್ಣು, ಸಾರಿನ ಪುಡಿಯೊಂದಿಗೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು ತಾನಾಗಿಯೇ ಗಟ್ಟಿಯಾಗುತ್ತದೆ, ಆದ್ದರಿಂದ ತೆಂಗಿನಕಾಯಿ ಒಂದು ಹಿಡಿ ಸಾಕು. ಒಂದೇ ಒಲೆ ಉರಿಯಲ್ಲಿ ಮುದ್ದೆಗೆ ಸಾರೂ ನೆಂಚಿಕೊಳ್ಳಲು ಪಲ್ಯವೂ ಸಿಗುತ್ತವೆ. ಅಲಸಂದೆ, ಹೆಸರುಕಾಳುಗಳಲ್ಲಿಯೂ ಹೀಗೆಯೇ ಮಾಡಬಹುದು.

ಎಣ್ಣೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪ್ಯಾಕೆಟ್ಟಿನಿಂದ ನೇರವಾಗಿ ಬಾಣಲೆಗೆ ಸುರಿಯುವ ಮನೆಯಲ್ಲಿ ಎಷ್ಟು ತಂದರೂ ಸಾಲದು. ಐದು ಜನಕ್ಕೆ ತಿಂಗಳಿಗೆ 3 ಲೀಟರು ಧಾರಾಳವಾಗಿ ಸಾಕು. ಅಷ್ಟನ್ನೇ ಡಬ್ಬಿಗೆ ಹಾಕಿಟ್ಟು ಚಮಚದಲ್ಲಿ ಅಳೆದು ಬಳಸಿ. ಬಜ್ಜಿ, ಪೂರಿ ಹಬ್ಬಕ್ಕಿರಲಿ.

ಉತ್ತರ (ಕಲಬುರಗಿಯಿಂದ):
ಬೇಳೆ ಇಲ್ಲದೆ ನಮ್ಮ ಕಡೆ ಊಟವೇ ಆಗುವುದಿಲ್ಲ, ಆದ್ದರಿಂದ ಮೇಲಿನವರ ಮಾತನ್ನು ನಾನು ಅರ್ಧದಷ್ಟೇ ಒಪ್ಪುತ್ತೇನೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಹೊಸ ತೊಗರಿ ಮಾರುಕಟ್ಟೆಗೆ ಬರುವಾಗ ಬೆಲೆ ಸಾಮಾನ್ಯವಾಗಿ ಇಳಿದಿರುತ್ತದೆ. ಆಗ ನಾಲ್ಕೈದು ತಿಂಗಳಿಗಾಗುವಷ್ಟು ಬೇಳೆ ಕೊಂಡು, ಚೆನ್ನಾಗಿ ಬಿಸಿಲಿಗೆ ಹಾಕಿ, ಆರಿದ ನಂತರ ಒಣಮೆಣಸಿನಕಾಯಿ ಸೇರಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಡಿ. ಅಷ್ಟು ಹಣ ಒಮ್ಮೆಲೇ ಕೈಯಲ್ಲಿರುವುದಿಲ್ಲ ಎಂಬುದು ಗೊತ್ತು. ಸ್ತ್ರೀಶಕ್ತಿ ಸಂಘದ ಉಳಿತಾಯದಿಂದ ತೆಗೆಯುವುದಾದರೆ ಸರಿ, ಹೊರಗಿನ ಬಡ್ಡಿ ಸಾಲ ಮಾಡಿ ಮಾತ್ರ ಕೊಳ್ಳಬೇಡಿ, ಉಳಿದದ್ದೆಲ್ಲ ಬಡ್ಡಿಗೇ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಬಸ್ಸಾರನ್ನು ಅತ್ತೆಯವರು ಇಷ್ಟಪಡುತ್ತಾರೆ, ಆದರೆ ಚಿಕ್ಕವನು ಹುರುಳಿಯ ವಾಸನೆಗೆ ತಟ್ಟೆಯನ್ನೇ ತಳ್ಳುತ್ತಾನೆ. ಇನ್ನೊಂದು ವಿಷಯ: ಪಡಿತರ ಅಕ್ಕಿಯಲ್ಲಿ ಬಣ್ಣ ಬೇರೆಯಿರುವ ಕೆಲವು ಕಾಳುಗಳು ಕಾಣುತ್ತವೆ. ಪಕ್ಕದ ಮನೆಯವರು ಅದು ಪ್ಲಾಸ್ಟಿಕ್ ಎಂದು ಹೇಳಿದ್ದರಿಂದ ಆರಿಸಿ ಎಸೆಯುತ್ತಿದ್ದೇನೆ.

ಉತ್ತರ (ದಾವಣಗೆರೆಯಿಂದ, ನಿವೃತ್ತ ಅಂಗನವಾಡಿ ಕಾರ್ಯಕರ್ತೆ):
ದಯವಿಟ್ಟು ಎಸೆಯಬೇಡಿ. ಅವು ಸಾರವರ್ಧಿತ ಅಕ್ಕಿಯ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ತಂದು, ನೂರು ಪಾಲು ಅಕ್ಕಿಗೆ ಒಂದು ಪಾಲಿನಂತೆ ಬೆರೆಸಿರುತ್ತಾರೆ. ಮನೆಯಲ್ಲಿ ಥಲಸ್ಸೇಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವವರಿದ್ದರೆ ಮಾತ್ರ ವೈದ್ಯರನ್ನು ಕೇಳಿ ಬಳಸಬೇಕು. ಐದಾರು ಬಾರಿ ತಿಕ್ಕಿ ತೊಳೆಯುವುದೂ ಬೇಡ. ಆ ದಪ್ಪಕ್ಕಿ ಅನ್ನಕ್ಕೆ ಹಿಡಿಸದಿದ್ದರೆ ಇಡ್ಲಿ, ದೋಸೆಗೆ ನೆನೆಸಿ.

ಹುರುಳಿಯನ್ನು ಮೊಳಕೆ ಕಟ್ಟಿ, ಆಲೂಗೆಡ್ಡೆ ಸೇರಿಸಿ ಸಾರು ಮಾಡಿದರೆ ವಾಸನೆ ಅಷ್ಟಾಗಿ ತಿಳಿಯುವುದಿಲ್ಲ. ಹಾಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಕ್ಷೀರಭಾಗ್ಯದಲ್ಲಿ ಮಕ್ಕಳಿಗೆ ಶಾಲೆಯಲ್ಲೇ ಹಾಲು ಸಿಗುತ್ತದೆ, ಜೊತೆಗೆ ಮೊಟ್ಟೆ ಅಥವಾ ಬಾಳೆಹಣ್ಣೂ ಇರುತ್ತದೆ. ಹಾಗಿದ್ದೂ ದಿನಕ್ಕೊಂದು ಲೀಟರು ಮುಗಿಯುತ್ತಿದ್ದರೆ ಅದರಲ್ಲಿ ಹೆಚ್ಚಿನ ಪಾಲು ದೊಡ್ಡವರ ಕಾಫಿ, ಟೀಗೇ ಹೋಗುತ್ತಿರಬೇಕು. ಮಧ್ಯಾಹ್ನದ ಒಂದು ಸುತ್ತು ಕಾಫಿ ಬಿಟ್ಟು, ಅದರ ಹಾಲನ್ನು ಹೆಪ್ಪು ಹಾಕಿ ಮಜ್ಜಿಗೆ ಮಾಡಿದರೆ ಅದು ಐವರಿಗೂ ರಾತ್ರಿಯ ಊಟಕ್ಕಾಗುತ್ತದೆ.