ಮದ್ದನ್ನು ನಿಧಾನವಾಗಿ ಬಿಡಲು ಹೇಳಮ್ಮ

ನಾಳೆ ಮಗಳ ಕತ್ತಿನ ಗಂಟು ತೆಗೆಯುತ್ತಾರೆ, ಅದಕ್ಕಿಂತ ಹೆಚ್ಚಾಗಿ ಮರಗಟ್ಟಿಸುವ ಇಂಜೆಕ್ಷನ್ನಿಗೇ ಹೆದರಿ ಅಳುತ್ತಿದ್ದಾಳೆ, ಏನು ಮಾಡಲಿ ಎಂದು ಬೆಳಿಗ್ಗೆ ಗುಂಪಿನಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಹೇಳುತ್ತಿದ್ದೇನೆ. ಪೂರ್ತಿ ಕೇಳು. ಅವಳ ಹೆದರಿಕೆ ಸುಳ್ಳಲ್ಲ.

ನನ್ನ ಕಾಲಿನ ಹೆಬ್ಬೆರಳಿನ ಉಗುರು ಮಾಂಸದೊಳಗೆ ಬೆಳೆದದ್ದು ನಿಮಗೆಲ್ಲ ಗೊತ್ತೇ ಇದೆ. ಆದರೆ ಅಂದು ಒಳಗೆ ನಡೆದದ್ದನ್ನು ಯಾರೂ ಸರಿಯಾಗಿ ಕೇಳಿಸಿಕೊಂಡಿಲ್ಲ. ಆ ವೈದ್ಯರು ಪಕ್ಕದವರೊಡನೆ ಮಾತನಾಡುತ್ತಲೇ ಬೆರಳಿನ ಬುಡಕ್ಕೆ ಸೂಜಿ ಚುಚ್ಚಿ, ಸಿರಿಂಜಿನಲ್ಲಿದ್ದ ಮದ್ದನ್ನೆಲ್ಲ ಒಂದೇ ಸಲಕ್ಕೆ ಒತ್ತಿಬಿಟ್ಟರು. ಚುಚ್ಚಿದ್ದು ಅಷ್ಟೇನೂ ನೋಯಲಿಲ್ಲ. ಮದ್ದು ನುಗ್ಗಿದಾಗ ಚರ್ಮ ಬಿಳಿಚಿ ಬಿಗಿದುಕೊಂಡು, ಕೆಂಡ ಇಟ್ಟ ಹಾಗೆ ಉರಿಯಿತು. ಅದು ಮರಗಟ್ಟುವಷ್ಟು ಹೊತ್ತೂ ಕಾಯದೆ ಕತ್ತರಿ ಎತ್ತಿಕೊಂಡರು. ನೋಯುತ್ತಿದೆ ಎಂದರೆ, ಅದು ಬರೀ ಒತ್ತಡ ಎಂದರು. ಆದ್ದರಿಂದ ಹೇಳುತ್ತೇನೆ, ಮದ್ದನ್ನು ಅವಸರದಲ್ಲಿ ಒತ್ತಲು ಬಿಡಬೇಡ.

ಮರಗಟ್ಟಿಸಲು ಚುಚ್ಚುವ ಲಿಗ್ನೋಕೇನ್ ಎಂಬ ಮದ್ದಿನ ದ್ರಾವಣ ಸ್ವಭಾವತಃ ಆಮ್ಲೀಯ, ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆಸಿದ್ದಂತೂ ಇನ್ನೂ ಹೆಚ್ಚು; ಆ ಉರಿಗೆ ಅದು ಒಂದು ಕಾರಣ, ಒಮ್ಮೆಲೇ ತುಂಬಿದಾಗ ಅಂಗಾಂಶ ಹಿಗ್ಗುವುದು ಇನ್ನೊಂದು ಕಾರಣ. ಅದಕ್ಕೇ ತಿಳಿದ ವೈದ್ಯರು ಮದ್ದಿಗೆ ಆ ಆಮ್ಲತೆ ತಗ್ಗಿಸುವ ಸೋಡಿಯಂ ಬೈಕಾರ್ಬೊನೇಟನ್ನು ಸ್ವಲ್ಪ ಬೆರೆಸುತ್ತಾರೆ, ಮೈಬಿಸಿಯಷ್ಟು ಬೆಚ್ಚಗೆ ಮಾಡುತ್ತಾರೆ, 30 ಗೇಜಿನಂಥ ಸಣ್ಣ ಸೂಜಿ ಹಿಡಿಯುತ್ತಾರೆ, ಮೊದಲು ಒಂದೆರಡು ಹನಿ ಬಿಟ್ಟು ತಡೆದು, ಮರಗಟ್ಟಿದ ಜಾಗದಿಂದಲೇ ಮುಂದಕ್ಕೆ ಸಾಗುತ್ತಾರೆ. ಇದರಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ, ಬೇಕಾದದ್ದು ಕೆಲವು ನಿಮಿಷಗಳ ತಾಳ್ಮೆ ಮಾತ್ರ.

ಆ ತಾಳ್ಮೆ ಯಾರಿಗೂ ಇಲ್ಲದಿರುವುದೇ ನನ್ನ ಸಂಕಟ. ಒಂದು ಸಣ್ಣ ಸೂಜಿ, ಅಷ್ಟಕ್ಕೆ ಇಷ್ಟು ಗಲಾಟೆಯೇ ಎಂದು ಅಂದು ನನ್ನ ಜೊತೆ ಬಂದವರೇ ನನ್ನನ್ನು ಗದರಿದರು. ನಮ್ಮ ದೊಡ್ಡಣ್ಣ ಚಿಕ್ಕವನಿದ್ದಾಗ ಅಂಗುಳಿಗೆ ಹಾಕಿಸಿಕೊಂಡ ಇಂಜೆಕ್ಷನ್ನಿನ ನೋವನ್ನು ಮರೆಯಲಾರದೆ, ಮತ್ತೆ ಹಲ್ಲಿನ ವೈದ್ಯರ ಹತ್ತಿರ ಹೋಗದೆ, ಉಳಿಸಬಹುದಾಗಿದ್ದ ದವಡೆ ಹಲ್ಲುಗಳನ್ನು ಕಳೆದುಕೊಂಡ. ಅವನನ್ನು ಪುಕ್ಕಲ ಎಂದವರೇ ಹೊರತು, ಆ ನೋವನ್ನು ತಪ್ಪಿಸಬಹುದಿತ್ತಲ್ಲ ಎಂದವರು ಒಬ್ಬರೂ ಇಲ್ಲ. ಮಗು ನೋಯುತ್ತದೆ ಎಂದರೆ ನಂಬಬೇಕಮ್ಮ. ಇನ್ನೊಮ್ಮೆ ಹೇಳುತ್ತೇನೆ, ಮದ್ದನ್ನು ಅವಸರದಲ್ಲಿ ಒತ್ತಲು ಬಿಡಬೇಡ, ಮರಗಟ್ಟಿದೆಯೇ ಎಂದು ಮುಟ್ಟಿ ನೋಡದೆ ಕತ್ತರಿ ಹಚ್ಚಲೂ ಬಿಡಬೇಡ.

ಅಯ್ಯೋ, ಮುಖ್ಯವಾದದ್ದನ್ನೇ ಹೇಳಲಿಲ್ಲ. ಚುಚ್ಚುವ ಜಾಗಕ್ಕೆ ಮೊದಲೇ ಹಚ್ಚುವ ಕ್ರೀಮ್ ಒಂದಿದೆ, ಲಿಗ್ನೋಕೇನ್ ಮತ್ತು ಅಂಥದ್ದೇ ಮರಗಟ್ಟಿಸುವ ಇನ್ನೊಂದು ಮದ್ದಾದ ಪ್ರಿಲೋಕೇನ್ ಬೆರೆಸಿದ್ದು. ಅದನ್ನು ಗಾಯವಿಲ್ಲದ ಚರ್ಮಕ್ಕೆ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಮುಚ್ಚಿ ಕಡಿಮೆಯೆಂದರೂ ಒಂದು ಗಂಟೆ ಬಿಡಬೇಕು. ಅಲ್ಲಿಗೆ ಹೋದ ಮೇಲೆ ಕೇಳಿದರೆ ಹೊತ್ತು ಮೀರಿರುತ್ತದೆ. ಆದ್ದರಿಂದ ಈಗಲೇ ಆ ವೈದ್ಯರಿಗೆ ಫೋನ್ ಮಾಡಿ, ಇವಳಿಗೆ ಅದು ಆಗುತ್ತದೆಯೇ, ಎಷ್ಟು ಹಚ್ಚಬೇಕು, ಎಷ್ಟು ಹೊತ್ತಿಗೆ ಹಚ್ಚಬೇಕು ಎಂದು ಕೇಳಿಕೋ. ಮಕ್ಕಳಿಗೆ ಅಳತೆ ಮೀರಬಾರದು, ನಿನ್ನ ಅಂದಾಜಿನಲ್ಲಿ ಬಳಿಯಬೇಡ. ಅವರು ಏನು ಹೇಳಿದರು ಎಂಬುದನ್ನು ಇಲ್ಲೇ ತಿಳಿಸು.