ಸೈಬರ್‌ಮನ್‌ಗಳಿಗೆ ಚಿನ್ನ ಯಾವಾಗ ಹಿಡಿಯುತ್ತೆ, ಯಾವಾಗ ಹಿಡಿಯಲ್ಲ?

ಚುಕ್ಕಿಲೋಕ ಕೇಳಿದ್ದು:

ಕಾಲದಲ್ಲಿ ಸುತ್ತುವ ‘ಡಾಕ್ಟರ್’ ನಾಯಕನಾಗಿರುವ ಬಿಬಿಸಿ ಧಾರಾವಾಹಿ ಡಾಕ್ಟರ್ ಹೂ ಲೋಕದಲ್ಲಿ ನಡೆಯುವ ಒಂದು ಅಭಿಮಾನಿ ಕಥೆ ಬರೆಯುತ್ತಿದ್ದೇನೆ. ಕೆಟ್ಟು ನಿಂತ ಸರಕು ನೌಕೆ, ಒಳಗೆ ಆರು ಜನ ಸಿಬ್ಬಂದಿ, ಎದುರಿಗೆ ಸೈಬರ್‌ಮನ್‌ಗಳು, ಅಂದರೆ ಯಂತ್ರವಾಗಿ ಮಾರ್ಪಟ್ಟ ಮನುಷ್ಯರು. ಸಿಬ್ಬಂದಿಯ ಕೈಗೆ ಯಾವ ಆಯುಧ ಕೊಡಬೇಕು ಅನ್ನೋದರಲ್ಲೇ ಕಥೆ ನಿಂತುಬಿಟ್ಟಿದೆ.

1975ರ ‘ರಿವೆಂಜ್ ಆಫ್ ದ ಸೈಬರ್‌ಮೆನ್’ ಪ್ರಕಾರ ಚಿನ್ನದ ಪುಡಿ ಅವಕ್ಕೆ ವಿಷ. 1988ರ ‘ಸಿಲ್ವರ್ ನೆಮೆಸಿಸ್’ನಲ್ಲಿ ಡಾಕ್ಟರನ ಸಂಗಾತಿ ಏಸ್ ಕವಣೆಯಿಂದ ಚಿನ್ನದ ನಾಣ್ಯ ಹೊಡೆದರೂ ಬೀಳುತ್ತವೆ. 2006ರ ಕಥೆಗಳಲ್ಲಿ ಚಿನ್ನದ ಸುದ್ದಿಯೇ ಇಲ್ಲ, 2013ರಲ್ಲಿ ಮತ್ತೆ ಬರುತ್ತೆ. 1966–67ರ ಕಥೆಗಳಲ್ಲಂತೂ ವಿಕಿರಣ, ಉಗುರುಬಣ್ಣ ಅಳಿಸುವ ದ್ರಾವಣ ಅಂತ ಬೇರೆಯೇ ದಾರಿ. ಇದಕ್ಕೆಲ್ಲ ಒಂದು ಸೂತ್ರ ಇದೆಯಾ, ಇಲ್ಲ ಕಥೆಗೊಂದು ನಿಯಮವಾ? ತಿಳಿದವರು ಕಥೆಯ ಹೆಸರು ಸಮೇತ ಹೇಳಿ.

ಮೊಂಡಾಸ್‌ವಾಸಿ ಬರೆದದ್ದು:

ಸೂತ್ರ ಇದೆ. ಎದೆಯ ಪೆಟ್ಟಿಗೆ ನೋಡಿ. ಸೈಬರ್‌ಮನ್ ಅಂದರೆ ಒಂದೇ ಮಾದರಿಯಲ್ಲ. ಎದೆಯ ಮೇಲೆ ಏನು ಕಟ್ಟಿದ್ದಾರೆ, ಅದರ ಒಳಗೆ ಉಸಿರಾಟ ಉಳಿದಿದೆಯೋ ಇಲ್ಲವೋ ಅಂತ ಗೊತ್ತಾದರೆ ಚಿನ್ನದ ಪ್ರಶ್ನೆ ಅರ್ಧ ಬಗೆಹರಿದ ಹಾಗೆ.

1966ರ ಅಕ್ಟೋಬರಿನಲ್ಲಿ ಬಂದ ‘ದ ಟೆಂತ್ ಪ್ಲಾನೆಟ್’ನಿಂದ ಶುರು ಮಾಡೋಣ. ಬರೆದವರು ಕಿಟ್ ಪೆಡ್ಲರ್ ಮತ್ತು ಗೆರಿ ಡೇವಿಸ್. ಪೆಡ್ಲರ್ ವೈದ್ಯಕೀಯ ಸಂಶೋಧಕರು, ಆದ್ದರಿಂದ ಇವು ಹುಟ್ಟಿನಿಂದ ರೋಬೋಟ್‌ಗಳಲ್ಲ. ಅಂಗಾಂಗ ಒಂದೊಂದಾಗಿ ಬದಲಾಯಿಸಿಕೊಳ್ಳುತ್ತಾ ಹೋದ ಮನುಷ್ಯರು. ಮುಖಕ್ಕೆ ಬಟ್ಟೆ, ತಲೆಯ ಮೇಲೆ ದೀಪ, ಎದೆಗೆ ದೊಡ್ಡ ಪೆಟ್ಟಿಗೆ, ಮತ್ತು ಕೈಗಳು ಬರಿಗೈ. ಆ ಬರಿಗೈ ಕಂಡಾಗಲೇ ಒಳಗೆ ಮನುಷ್ಯ ಇದ್ದಾನೆ ಅಂತ ಅರಿವಾಗೋದು. ಇಷ್ಟು ವರ್ಷದಲ್ಲಿ ಬಂದ ಯಾವ ಲೋಹದ ವೇಷವೂ ನನಗೆ ಅಷ್ಟು ಭಯ ಹುಟ್ಟಿಸಿಲ್ಲ. ಇವಕ್ಕೆ ವಿಕಿರಣ ಆಗಿಬರಲ್ಲ. ದಕ್ಷಿಣ ಧ್ರುವದ ನೆಲೆಯಲ್ಲಿ ರಿಯಾಕ್ಟರ್ ಕೋಣೆಯ ಕೆಲಸವನ್ನು ಮನುಷ್ಯರ ಕೈಲೇ ಮಾಡಿಸುತ್ತವೆ. ಡಾಕ್ಟರನ ಸಂಗಾತಿ ಬೆನ್ ಅದನ್ನು ಗಮನಿಸಿದ್ದರಿಂದಲೇ ಇಂಧನದ ಸರಳುಗಳು ಆಯುಧ ಆದವು.

1967ರ ‘ದ ಮೂನ್‌ಬೇಸ್’ನಲ್ಲಿ ಮೈಯೆಲ್ಲ ಮುಚ್ಚಿಕೊಂಡು ಬರುತ್ತವೆ, ಆದರೆ ಎದೆಯ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಭಾಗಗಳಿವೆ. ಇನ್ನೊಬ್ಬ ಸಂಗಾತಿ ಪಾಲಿ ಹಲವು ದ್ರಾವಕಗಳನ್ನು ಬೆರೆಸಿ, ಬೆಂಕಿ ಆರಿಸುವ ಸಿಲಿಂಡರಿಗೆ ತುಂಬಿಸಿ, ನೇರ ಎದೆಗೆ ಬಿಡಿಸುತ್ತಾಳೆ.

ಚಿನ್ನ ಬರೋದು 1975ರಲ್ಲಿ. ಅಲ್ಲಿ ಡಾಕ್ಟರ್ ಕೊಡುವ ಕಾರಣ ಸ್ಪಷ್ಟ: ಚಿನ್ನ ತುಕ್ಕು ಹಿಡಿಯದ ಲೋಹ, ಉಸಿರಾಟದ ಯಂತ್ರದ ಮೇಲೆ ಲೇಪದ ಹಾಗೆ ಕೂತು ಉಸಿರು ಕಟ್ಟಿಸುತ್ತೆ. ಅಂದರೆ ಚಿನ್ನ *ಒಳಗೆ* ಹೋಗಬೇಕು. ಅದೇ ಕಥೆಯಲ್ಲಿ ವೋಗಾ ಅನ್ನೋದು ಇಡೀ ಚಿನ್ನದ ಗ್ರಹ, ಆದರೂ ಅಲ್ಲಿನವರ ಬಂದೂಕು ಸೈಬರ್‌ಮನ್‌ಗಳಿಗೆ ನಾಟಲ್ಲ.

ನಿಮ್ಮ ಕಥೆಗೆ ಎಲ್ಲಕ್ಕಿಂತ ಉಪಯೋಗ ಆಗೋದು 1982ರ ‘ಅರ್ತ್‌ಶಾಕ್’. ಅದೂ ಸರಕು ನೌಕೆಯಲ್ಲೇ ನಡೆಯೋದು. ಕೊನೆಯ ಭಾಗದಲ್ಲಿ ಡಾಕ್ಟರ್ ಏನು ಮಾಡುತ್ತಾನೆ ಅಂತ ನಿಧಾನವಾಗಿ ನೋಡಿ. ತನ್ನ ಸಂಗಾತಿ ಏಡ್ರಿಕ್‌ಗೆ ಗಣಿತಕ್ಕೆ ಸಿಕ್ಕಿದ್ದ ಚಿನ್ನದ ಬ್ಯಾಡ್ಜನ್ನು ಸೈಬರ್ ಲೀಡರನ ಎದೆಗೆ ಒತ್ತಿ ಉಜ್ಜುತ್ತಾನೆ. ಅದು ತತ್ತರಿಸುತ್ತೆ, ಸಾಯಲ್ಲ. ಆಮೇಲೆ ಅದರದೇ ಬಂದೂಕು ಕಿತ್ತುಕೊಂಡು ಮತ್ತೆ ಮತ್ತೆ ಹೊಡೆದ ಮೇಲೆಯೇ ಅದು ಮುಗಿಯೋದು. ಚಿನ್ನ ಕೊಟ್ಟಿದ್ದು ಕೆಲವು ಕ್ಷಣದ ಬಿಡುವು ಅಷ್ಟೇ. ನಿಮ್ಮ ಸಿಬ್ಬಂದಿಗೂ ಅಷ್ಟೇ ಕೊಡಿ. ತೋಳಳತೆಗೆ ಹೋಗಬೇಕು, ಪೆಟ್ಟಿಗೆಯ ಜಾಲರಿಗೇ ತಾಗಿಸಬೇಕು, ಜೊತೆಗೆ ಇನ್ನೊಬ್ಬನ ಕೈಯಲ್ಲಿ ಎರಡನೇ ಆಯುಧ ಸಿದ್ಧ ಇರಬೇಕು.

‘ಸಿಲ್ವರ್ ನೆಮೆಸಿಸ್’ ಈ ಶಿಸ್ತನ್ನು ಸಡಿಲ ಮಾಡಿತು. ನಾಣ್ಯ ಎದೆಗೆ ತಗುಲಿದರೆ ಸಾಕು, ಚಿನ್ನದ ಮೊನೆಯ ಬಾಣ ನಾಟಿದರೆ ಸಾಕು. ನನ್ನ ಮಟ್ಟಿಗೆ ಚಿನ್ನದ ಮರ್ಯಾದೆ ಕೆಟ್ಟಿದ್ದು ಅಲ್ಲೇ. ಅಷ್ಟು ಸುಲಭಕ್ಕೆ ಬೀಳುವ ಶತ್ರುವಿಗೆ ಯಾರು ಹೆದರುತ್ತಾರೆ?

ಕಣಲೆಕ್ಕ ಬರೆದದ್ದು:

ಮೇಲಿನವರು ಹೇಳಿದ್ದಕ್ಕೆ ಭೌತ, ರಸಾಯನದ ಲೆಕ್ಕ ಸೇರಿಸುತ್ತೇನೆ. ನೌಕೆ ಅಂದಮೇಲೆ ಇದು ಬೇಕಾಗುತ್ತೆ.

ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. ಕಬ್ಬಿಣದ ಎರಡೂವರೆ ಪಟ್ಟು. ಹಾಗಾಗಿ ಒರಟು ಪುಡಿ ಎರಚಿದರೆ ಸೈಬರ್‌ಮನ್ ಕಾಲ ಬುಡದಲ್ಲಿ ಬೀಳುತ್ತೆ, ಎದೆಯವರೆಗೂ ಹೋಗಲ್ಲ. 10 ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಗಾತ್ರಕ್ಕೆ ಅರೆದರೆ ಭೂಮಿಯ ಗುರುತ್ವದಲ್ಲಿ, ನಿಂತ ಗಾಳಿಯಲ್ಲಿ, ಸೆಕೆಂಡಿಗೆ ಸುಮಾರು 6 ಸೆಂ.ಮೀ. ವೇಗದಲ್ಲಿ ಇಳಿಯುತ್ತೆ. ಎದೆಯ ಮಟ್ಟದಿಂದ ನೆಲ ಮುಟ್ಟೋಕೆ 20 ಸೆಕೆಂಡ್ ಮೇಲಾಯಿತು. ಆ ಗಾತ್ರದಲ್ಲಿ ಒಂದು ಗ್ರಾಂ ಚಿನ್ನಕ್ಕೆ ಹತ್ತಿರಹತ್ತಿರ 10 ಕೋಟಿ ಕಣ ಸಿಗುತ್ತೆ. ಆದ್ದರಿಂದ ಕಿಲೋಗಟ್ಟಲೆ ಚಿನ್ನ ಬೇಡ, ಒಂದು ಉಂಗುರ ಸಾಕು. ಕಷ್ಟ ಇರೋದು ಅರೆಯೋದರಲ್ಲಿ. ಚಿನ್ನ ಮೆದು ಲೋಹ, ಕುಟ್ಟಿದರೆ ಪುಡಿಯಾಗಲ್ಲ, ತಗಡಾಗುತ್ತೆ. ನುಣ್ಣನೆಯ ಅರದಿಂದ ಉಜ್ಜಿ ತೆಗೆಯಬೇಕು. ಇಲ್ಲವೇ ಸರಕಿನಲ್ಲೇ ಚಿನ್ನದ ರೇಕು ಇದೆ ಅಂತ ಬರೆಯಿರಿ. ಅದರ ದಪ್ಪ ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟೇ, ಜಾಲರಿ ಒಳಗೆ ಗಾಳಿ ಎಳೆಯುತ್ತಿದ್ದರೆ ಹೋಗಿ ಅಂಟಿಕೊಳ್ಳುತ್ತೆ.

ನೌಕೆಯ ಕೃತಕ ಗುರುತ್ವ ಕೈಕೊಟ್ಟರೆ ಪುಡಿ ಕೆಳಗಿಳಿಯೋದೇ ಇಲ್ಲ, ಗಾಳಿಯಲ್ಲೇ ಸುತ್ತುತ್ತೆ. ಸಿಬ್ಬಂದಿಯ ಶ್ವಾಸಕೋಶಕ್ಕೂ ಹೋಗುತ್ತೆ. ಮುಖವಾಡ ಕೊಡೋದು ಮರೆಯಬೇಡಿ.

ಪಾಲಿಯ ಮಿಶ್ರಣದ ಬುದ್ಧಿವಂತಿಕೆ ಏನಂದರೆ, ಎದುರಿನ ಪ್ಲಾಸ್ಟಿಕ್ ಯಾವುದು ಅಂತ ಗೊತ್ತಿಲ್ಲದಾಗ ಒಂದೇ ದ್ರಾವಕ ನೆಚ್ಚಿಕೊಳ್ಳಲಿಲ್ಲ. ಉಗುರುಬಣ್ಣ ಅಳಿಸುವ ಅಸಿಟೋನ್ ಒಂದೇ ಆದರೆ ಪಾಲಿಸ್ಟೈರೀನ್, ಅಕ್ರಿಲಿಕ್ ಕರಗುತ್ತೆ ಅಥವಾ ಮೆತ್ತಗಾಗುತ್ತೆ, ಪಾಲಿಥೀನ್ ಹಾಗೇ ಇರುತ್ತೆ. ಅಪಾಯ ಬೇರೆ ಕಡೆ ಇದೆ: ಅಸಿಟೋನ್ 56 ಡಿಗ್ರಿಗೇ ಕುದಿಯುತ್ತೆ, ಈಥರ್ 35ರ ಸುಮಾರಿಗೆ. ಮುಚ್ಚಿದ ಕೋಣೆಯಲ್ಲಿ ಎರಡರ ಆವಿಯೂ ತುಂಬಿಕೊಂಡಿರುವಾಗ ಎದುರಿನದು ವಿದ್ಯುತ್ ಕಿಡಿ ಹಾರಿಸಿದರೆ ಹೊಡೆದವನೂ ಉಳಿಯಲ್ಲ. ನಿರ್ವಾತದಲ್ಲಂತೂ ದ್ರವ ಗುರಿ ಮುಟ್ಟುವ ಮೊದಲೇ ಕುದಿಯತೊಡಗುತ್ತೆ.

ನೀಲಿಪೆಟ್ಟಿಗೆ ಬರೆದದ್ದು:

ಎದೆಯ ಪೆಟ್ಟಿಗೆಯ ಸೂತ್ರ 1980ರ ದಶಕದವರೆಗೆ ಸರಿ. ಅಲ್ಲಿಂದ ಮುಂದಕ್ಕೆ ಅದನ್ನೇ ಎಳೆದರೆ ಹರಿಯುತ್ತೆ.

2006ರ ಮೇ ತಿಂಗಳಲ್ಲಿ ಬಂದ ಜೋಡಿ ಕಥೆ, ‘ರೈಸ್ ಆಫ್ ದ ಸೈಬರ್‌ಮೆನ್’ ಮತ್ತು ‘ದ ಏಜ್ ಆಫ್ ಸ್ಟೀಲ್’, ಸಮಾನಾಂತರ ಭೂಮಿಯದು. ಜಾನ್ ಲೂಮಿಕ್‌ನ ಸೈಬಸ್ ಇಂಡಸ್ಟ್ರೀಸ್ ಮಾಡಿದವು ಸೈಬರ್‌ಮನ್‌ಗಳ ಮೂಲ ಗ್ರಹ ಮೊಂಡಾಸಿನ ಸಂತತಿಯೇ ಅಲ್ಲ. ಉಕ್ಕಿನ ಕವಚದೊಳಗೆ ಮನುಷ್ಯನ ಮಿದುಳು, ಕವಚದ ತುಂಬ ಹೆಣೆದ ಕೃತಕ ನರಜಾಲ. ಶ್ವಾಸಕೋಶ ಇಲ್ಲ, ಆದ್ದರಿಂದ ಕಟ್ಟೋಕೆ ಉಸಿರೂ ಇಲ್ಲ. ಅಲ್ಲಿ ಚಿನ್ನದ ಮಾತು ಬರದೇ ಇದ್ದದ್ದು ನ್ಯಾಯವೇ.

2013ರ ‘ನೈಟ್‌ಮೇರ್ ಇನ್ ಸಿಲ್ವರ್’ ಕಾರಣವನ್ನೇ ಬದಲಿಸಿತು. ಸೈಬರ್‌ಮನ್‌ಗಳ ಯೋಜಕ ಬುದ್ಧಿಯಾದ ಸೈಬರ್ ಪ್ಲಾನರ್ ಡಾಕ್ಟರನ ಮಿದುಳಿನ ಒಂದು ಪಾಲು ಹಿಡಿದಾಗ ಅವನು ಚಿನ್ನದ ಟಿಕೆಟನ್ನು ಮುಖದ ಮೇಲಿನ ಲೋಹಕ್ಕೆ ಅಂಟಿಸಿಕೊಳ್ಳುತ್ತಾನೆ. ವಿವರಣೆ ಏನು? ಹಳೆಯ ಸೈಬರ್ ಕೋಡ್ ಚಿನ್ನಕ್ಕೂ ಶುಚಿ ಮಾಡುವ ದ್ರವಕ್ಕೂ ಗೊಂದಲಗೊಳ್ಳುತ್ತಿತ್ತು, ಅದರ ತುಣುಕು ಇನ್ನೂ ಆಳದಲ್ಲಿ ಓಡುತ್ತಿದೆ. 1975 ಮತ್ತು 1967 ಎರಡನ್ನೂ ಒಂದೇ ಏಟಿಗೆ ಸಾಫ್ಟ್‌ವೇರ್ ದೋಷ ಮಾಡಿಬಿಟ್ಟರು. ನನಗೆ ಇದು ಹಿಡಿಸಿತು, ಏಕೆಂದರೆ ‘ಸಿಲ್ವರ್ ನೆಮೆಸಿಸ್’ನ ನಾಣ್ಯವೂ ಇದರಡಿ ಕೂರುತ್ತೆ. ಆದರೆ ಈ ಮಾದರಿಯ ಎದುರು ಒಂದು ಉಪಾಯ ಎರಡು ಸಲ ನಡೆಯಲ್ಲ. ವಿದ್ಯುತ್ ಹರಿಸಿದ ನೀರಿಗೆ ಕಾಲಿಟ್ಟ ಸೈಬರ್‌ಮನ್ ನಿಂತಲ್ಲೇ ಅಪ್‌ಗ್ರೇಡ್ ಆಗಿ ದಾಟಿಕೊಂಡು ಬರುತ್ತೆ.

2020ರ ‘ಅಸೆನ್ಷನ್ ಆಫ್ ದ ಸೈಬರ್‌ಮೆನ್’ನಲ್ಲೂ ಡಾಕ್ಟರ್ ತಂದ ಸಲಕರಣೆಗಳಲ್ಲಿ ಚಿನ್ನದ ಕಣ ಚಿಮ್ಮಿಸುವ ಯಂತ್ರ ಇದೆ. ಬಳಸುವ ಮೊದಲೇ ಸೈಬರ್ ಡ್ರೋನ್‌ಗಳು ಎಲ್ಲ ಹಾಳುಮಾಡುತ್ತವೆ.

ಎಲ್ಲ ಮಾದರಿಗೂ ಅನ್ವಯಿಸುವ ದೌರ್ಬಲ್ಯ ಬೇಕಾ? ಭಾವನೆ. 1968ರ ‘ದ ಇನ್ವೇಷನ್’ನಲ್ಲೇ ಪ್ರೊಫೆಸರ್ ವಾಟ್ಕಿನ್ಸ್ ಅವರ ಯಂತ್ರದಿಂದ ಒಂದು ಸೈಬರ್‌ಮನ್‌ಗೆ ಭಯ ತುಂಬಲಾಗುತ್ತೆ, ಅದು ಹುಚ್ಚು ಹಿಡಿದು ಲಂಡನ್ನಿನ ಒಳಚರಂಡಿಗೆ ಓಡಿಹೋಗುತ್ತೆ. ‘ದ ಏಜ್ ಆಫ್ ಸ್ಟೀಲ್’ನಲ್ಲಿ ಭಾವನಿಗ್ರಹ ಘಟಕವನ್ನು ರದ್ದು ಮಾಡುವ ಕೋಡನ್ನು ಡಾಕ್ಟರನ ಸಂಗಾತಿ ಮಿಕಿ ಹುಡುಕಿ ಇನ್ನೊಬ್ಬ ಸಂಗಾತಿ ರೋಸ್‌ಳ ಫೋನಿಗೆ ಕಳಿಸುತ್ತಾನೆ, ಡಾಕ್ಟರ್ ಆ ಫೋನನ್ನು ಅಲ್ಲಿನ ವ್ಯವಸ್ಥೆಗೇ ಸಿಕ್ಕಿಸುತ್ತಾನೆ. ಸೈಬರ್‌ಮನ್‌ಗಳು ತಾವೇನಾಗಿದ್ದೇವೆ ಅಂತ ಅರಿತು ಸಾಯುತ್ತವೆ. ಅದಕ್ಕೂ ಮೊದಲು ಒಂದು ದೃಶ್ಯ ಇದೆ: ಕೆಟ್ಟು ಬಿದ್ದ ಒಂದರ ಎದೆ ತೆರೆದು ಆ ಘಟಕ ನೋಡುತ್ತಿರುವಾಗ ಅದು ಚಳಿ ಅನ್ನುತ್ತೆ. ಹೆಸರು ಕೇಳಿದರೆ ಸ್ಯಾಲಿ ಅನ್ನುತ್ತೆ. ಮರುದಿನ ಮದುವೆ ಆಗಬೇಕಿದ್ದ ಹುಡುಗಿ. ಡಾಕ್ಟರ್ ಅವಳನ್ನು ನೋವಿಲ್ಲದೆ ಮಲಗಿಸುತ್ತಾನೆ. ಚಿನ್ನದಿಂದ ಗೆದ್ದರೆ ನಿಮ್ಮ ಸಿಬ್ಬಂದಿ ಯಂತ್ರ ಕೆಡಿಸಿದ ಹಾಗೆ. ಕೋಡ್ ಒತ್ತಿ ಗೆದ್ದರೆ ಒಳಗಿನವರನ್ನು ಎಬ್ಬಿಸಿ ಕೊಂದ ಹಾಗೆ. ಕಥೆಯ ಬಿಗಿ ಇರೋದು ಎರಡನೆಯದರಲ್ಲಿ.

ಚುಕ್ಕಿಲೋಕ ಬರೆದದ್ದು:

ಇಷ್ಟು ವಿವರಕ್ಕೆ ತುಂಬಾ ಧನ್ಯವಾದ. ಇನ್ನೊಂದು ಪ್ರಶ್ನೆ. ನನ್ನ ಕಥೆಯ ಸೈಬರ್‌ಮನ್‌ಗಳು ಹೊರಗಿನಿಂದ ಬಂದವಲ್ಲ, ಅದೇ ನೌಕೆಯ ಹಳೆಯ ಸಿಬ್ಬಂದಿ. ಮೊಂಡಾಸ್, ಸೈಬಸ್ ಯಾವುದರ ಸಂಬಂಧವೂ ಇಲ್ಲದೆ ತಾವಾಗಿಯೇ ಹಾಗೆ ಆದರು ಅಂದರೆ ಲೋಕದ ನಿಯಮ ಮುರಿದ ಹಾಗಾ? ಹಾಗಾಗದಿದ್ದರೆ ಯಾವ ದೌರ್ಬಲ್ಯ ಇಡಲಿ?

ಮೊಂಡಾಸ್‌ವಾಸಿ ಬರೆದದ್ದು:

ಮುರಿದ ಹಾಗಲ್ಲ. 2017ರ ‘ವರ್ಲ್ಡ್ ಎನಫ್ ಅಂಡ್ ಟೈಮ್’ ಮತ್ತು ‘ದ ಡಾಕ್ಟರ್ ಫಾಲ್ಸ್’ ನಿಮಗೆ ಪರವಾನಗಿ ಕೊಟ್ಟಿವೆ. ಮೊಂಡಾಸ್, ಟೆಲೋಸ್, ಭೂಮಿ, ಪ್ಲಾನೆಟ್ 14, ಮರೀನಸ್ ಅಂತ ಹೆಸರಿಸುತ್ತಾ ಹೋಗುವ ಡಾಕ್ಟರ್, ಮನುಷ್ಯರಿರುವ ಕಡೆಯಲ್ಲೆಲ್ಲ ಇವು ಬೇರೆಬೇರೆಯಾಗಿ ಹುಟ್ಟಿಕೊಳ್ಳುತ್ತವೆ ಅನ್ನುತ್ತಾನೆ. ಆ ಕಥೆಯೂ ನೌಕೆಯದೇ: 400 ಮೈಲಿ ಉದ್ದ, 1056 ಮಹಡಿ, ಮೇಲ್ತುದಿ ಕಪ್ಪುಕುಳಿಯ ಹತ್ತಿರ. ಮೇಲೆ ಕಾಲ ತೆವಳುತ್ತೆ, ಕೆಳಗೆ ತಲೆಮಾರುಗಳೇ ಕಳೆಯುತ್ತವೆ.

ಪರಿವರ್ತನೆ ಹಂತಹಂತವಾಗಿ ಹೇಗೆ ಆಗುತ್ತೆ ಅಂತ ಬರೆಯೋಕೆ ಅಲ್ಲಿನ ಆಸ್ಪತ್ರೆ ನೋಡಿ. ಪೂರ್ತಿ ಮಾರ್ಪಡದ ರೋಗಿಗಳು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೂತಿರುತ್ತಾರೆ. ಒಬ್ಬ ಗುಂಡಿ ಒತ್ತಿ ನೋವು, ನೋವು ಅಂತ ಯಂತ್ರದಿಂದ ಹೇಳಿಸುತ್ತಲೇ ಇರುತ್ತಾನೆ. ನರ್ಸ್ ಬಂದು ಮಾಡುವ ಉಪಚಾರ ಅಂದರೆ ದನಿಯ ಗುಬುಟು ತಿರುಗಿಸಿ ಸದ್ದು ಅಡಗಿಸೋದು. ತಲೆಯ ಮೇಲಿನ ಹಿಡಿಯಂಥ ಸಲಕರಣೆ ಯಾಕೆ ಅನ್ನೋದಕ್ಕೂ ಉತ್ತರ ಅಲ್ಲೇ ಇದೆ. ನೋವು ನಿಲ್ಲಲ್ಲ, ಆದರೆ ನೋವಿನ ಬಗ್ಗೆ ತಲೆಕೆಡಿಸಿಕೊಳ್ಳೋದು ನಿಲ್ಲುತ್ತೆ. ನೀಲಿಪೆಟ್ಟಿಗೆಯವರು ಹೇಳಿದ ಭಾವನಿಗ್ರಹ ಘಟಕದ ಮೊದಲ ರೂಪ ಇದೇ.

ಹಾಗಾಗಿ ನಿಮ್ಮಲ್ಲಿ ಹೊಸದಾಗಿ ಮಾರ್ಪಟ್ಟವರಿಗೆ ಉಸಿರಾಟ ಇರಲಿ, ಅವರಿಗೆ ಚಿನ್ನ ಹಿಡಿಯಲಿ. ಪೂರ್ತಿ ಮಾರ್ಪಟ್ಟವರಿಗೆ ಬೇಡ. ಸಿಬ್ಬಂದಿಗೆ ಯಾವುದು ಯಾವುದು ಅಂತ ಹತ್ತಿರ ಹೋಗುವವರೆಗೂ ಗೊತ್ತಾಗದಿರಲಿ. ವಿದ್ಯುತ್ತಿನ ಕೊರತೆಯನ್ನೂ ಬಳಸಿಕೊಳ್ಳಿ: 1967ರ ‘ದ ಟೂಂಬ್ ಆಫ್ ದ ಸೈಬರ್‌ಮೆನ್’ನಲ್ಲಿ ಸೈಬರ್ ಕಂಟ್ರೋಲರ್‌ಗೂ ಶಕ್ತಿ ಕುಂದುತ್ತೆ, ಮತ್ತೆ ತುಂಬಿಸಿಕೊಳ್ಳದೆ ನಡೆಯಲ್ಲ. ಕೆಟ್ಟು ನಿಂತ ನೌಕೆಯಲ್ಲಿ ಸೈಬರ್‌ಮನ್‌ಗಳಿಗೂ ಸಿಬ್ಬಂದಿಗೂ ಇರೋದು ಒಂದೇ ಜನರೇಟರ್ ತಾನೆ?

ಹಳೆಯವನ್ನು ನೋಡುವಾಗ ಒಂದು ಎಚ್ಚರ. ‘ದ ಟೆಂತ್ ಪ್ಲಾನೆಟ್’ನ ನಾಲ್ಕನೇ ಭಾಗ, ‘ದ ಮೂನ್‌ಬೇಸ್’ನ 1 ಮತ್ತು 3, ‘ದ ಇನ್ವೇಷನ್’ನ 1 ಮತ್ತು 4 ಕಳೆದುಹೋಗಿವೆ. ಉಳಿದಿರುವ ಧ್ವನಿಗೆ ಅನಿಮೇಷನ್ ಸೇರಿಸಿ ಬಿಟ್ಟಿದ್ದಾರೆ. ‘ದ ಟೂಂಬ್’ ನಾಲ್ಕೂ ಭಾಗ ಪೂರ್ತಿ ಸಿಗುತ್ತೆ, ಅದರಿಂದಲೇ ಶುರು ಮಾಡಿ.